ಕಣ ತುಳಿದ ಜೀಪು

ಅರಕಲಗೂಡಿನ ಆಚೆಯ ನಮ್ಮ ಹಳ್ಳಿಯಿಂದ ಹೊರಟಾಗ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಜೀಪಿನ ಹಿಂದೆ ಒಂದು ಮೂಟೆ ಹೊಸ ರಾಗಿ, ಮುಂದೆ ನಾನು ಮತ್ತು ನಮ್ಮವರು. ಹೋಗಬೇಕಾದದ್ದು ಹಿರೀಸಾವೆಯ ಹತ್ತಿರದ ನನ್ನ ತವರಿಗೆ. ಹೊಳೆನರಸೀಪುರ, ಚನ್ನರಾಯಪಟ್ಟಣದ ಮೇಲೆ ಐವತ್ತು ಮೈಲಿ ಚಿಲ್ಲರೆ ದಾರಿ.

ಆ ಜೀಪು ಬಂದದ್ದೇ ನನ್ನ ಎತ್ತುಗಳಿಂದ. ಮದುವೆಯಲ್ಲಿ ತವರಿನವರು ಕೊಟ್ಟ ಜೋಡಿಯನ್ನು ನಾನೇ ಒಪ್ಪಿ ಮಾರಿಸಿದ್ದೆ. ನಮ್ಮವರು ಯುದ್ಧದ ಕಾಲದಲ್ಲಿ ಮಿಲಿಟರಿ ಡ್ರೈವರ್ ಆಗಿದ್ದವರು. ಹರಾಜಿಗೆ ಬಂದ ಹಳೇ ಮಿಲಿಟರಿ ಜೀಪು ಕೊಂಡು, ಆಲೂಗೆಡ್ಡೆ ಮೂಟೆ, ಆಸ್ಪತ್ರೆಗೆ ಹೋಗುವ ಜನ ಎಲ್ಲವನ್ನೂ ಹಾಸನಕ್ಕೆ ಸಾಗಿಸಬೇಕೆಂದು ಅವರ ಆಸೆ. ಅದು ನನ್ನ ಆಸೆಯೂ ಆಗಿತ್ತು. ಮಾವನಿಗೆ ಮಾತ್ರ ಸುತರಾಂ ಹಿಡಿಸಲಿಲ್ಲ. ಎತ್ತಿನ ದುಡ್ಡು ತಿಂದ ಮೇಲೆ ಎತ್ತಿನ ಕೆಲಸವನ್ನೂ ಮಾಡಲಿ ಎಂದು ಆ ಸುಗ್ಗಿಯಲ್ಲಿ ತೆನೆಯ ಮೇಲೆ ಉರುಳಿಸುವ ರೋಣಗಲ್ಲನ್ನು ಜೀಪಿಗೇ ಕಟ್ಟಿಸಿ, ಕಣದಲ್ಲಿ ಸುತ್ತು ಹೊಡೆಸಿ ರಾಗಿ ತುಳಿಸಿದರು. ನಮ್ಮ ಕಣ ಮುಗಿದ ಮೇಲೆ ದಾಯಾದಿಗಳ ಕಣ, ಆಮೇಲೆ ನೆಂಟರ ಕಣ. ನಡುವಿನ ಮೇಟಿಕಂಬದ ಪಕ್ಕ ನಿಂತು ಮೀಸೆ ತಿರುವುತ್ತಾ ಮೇಸ್ತ್ರಿಕೆ ಮಾಡಿದವರೂ ಅವರೇ. ನಾವು ಹೊರಡುವ ದಿನ ಹೊಸ್ತಿಲ ಮೇಲೆ ನಿಂತು ಮಗನಿಗೆ ಹೇಳಿದರು:

“ಎತ್ತಿನ ಕೈಲಿ ಎಳುಸ್ಕೊಂಡು ಊರಿಗೆ ಬಂದ್ರೆ ಮಾರ್ನೇ ದಿನ ಇದು ಗುಜ್ರಿಗೆ. ಯೋಳಿವ್ನಿ ಕಣ್ಲಾ.”

ನಮ್ಮವರು ತಲೆಯಾಡಿಸಿದರು. ಅಪ್ಪನ ಮುಂದೆ ಅವರಿಗೆ ಬಾಯಿ ಬರುತ್ತಿರಲಿಲ್ಲ. ಆ ಕೊರತೆಯನ್ನು ಮನೆಯಲ್ಲಿ ನಾನು ತುಂಬುತ್ತಿದ್ದೆ.

ಹೊಳೆನರಸೀಪುರದಲ್ಲಿ ಇಡ್ಲಿ ತಿಂದೆವು. ಕಾಫಿ ನೀರಾಗಿತ್ತು, ಹಾಗಂತ ಹೇಳಿಯೂ ಬಂದೆ. ಹರದನಹಳ್ಳಿಯ ಕಡೆ ಹೊಲಗಳ ನಡುವೆ ಹೋಗುತ್ತಿದ್ದಾಗ ಹಿಂದಿನಿಂದ ಯಾರೋ ಕಲ್ಲು ಅಗಿದ ಹಾಗೆ ಸದ್ದು ಶುರುವಾಯಿತು. ಒಂದು ಏರು ಹತ್ತುವಷ್ಟರಲ್ಲಿ ದಢಾರೆಂದು ಹೊಡೆದು ಜೀಪು ನಿಂತುಬಿಟ್ಟಿತು. ಇಂಜಿನ್ ಓಡುತ್ತಿದೆ, ಚಕ್ರ ತಿರುಗುತ್ತಿಲ್ಲ.

ಹಿಂದಿನ ಎರಡು ಚಕ್ರಗಳ ನಡುವೆ ಕಬ್ಬಿಣದ ಒಂದು ಬುರುಡೆಯಿದೆ. ಇಂಜಿನ್ನಿನ ಬಲವನ್ನು ಎರಡು ಚಕ್ರಕ್ಕೂ ಹಂಚುವ, ತಿರುವಿನಲ್ಲಿ ಹೊರಗಿನ ಚಕ್ರವನ್ನು ಹೆಚ್ಚು ಓಡಲು ಬಿಡುವ ಹಲ್ಲುಚಕ್ರಗಳು ಅದರೊಳಗಿವೆ. ಡಿಫರೆನ್ಶಿಯಲ್ ಎನ್ನುತ್ತಾರೆ. ಅದೇ ಹೋಗಿದೆ ಎಂದು ನಮ್ಮವರು ಜೀಪಿನ ಕೆಳಗಿನಿಂದಲೇ ಹೇಳಿದರು. ಹೊಲದಲ್ಲಿದ್ದವರು ಬಂದು ನೋಡಿ, ಎರಡು ಜೊತೆ ಎತ್ತು ಕಟ್ಟಿ ಎಳೆಸಿಕೊಡುತ್ತೇವೆ ಎಂದರು. ಒಳ್ಳೆಯ ಮನಸ್ಸಿನ ಜನ. ಆದರೆ ಎತ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಅಳು ಬಂತು. ತವರಿನ ಜೋಡಿಯೂ ಹೋಯಿತು, ಜೀಪೂ ಹೋಯಿತು ಅನ್ನಿಸಿತು.

“ಅಳ್ಬ್ಯಾಡ. ಮುಂದಿನ ಚಕ್ರ ಚೆನ್ನಾಗವೆ,” ಎಂದರು ನಮ್ಮವರು.

ಮಿಲಿಟರಿ ಜೀಪಿಗೆ ನಾಲ್ಕು ಚಕ್ರಕ್ಕೂ ಬಲ ಹೋಗುತ್ತದೆ. ಅವರು ಬುರುಡೆಗೆ ಬರುವ ಉದ್ದನೆಯ ಶಾಫ್ಟನ್ನು ಬಿಚ್ಚಿದರು. ಹಿಂದಿನ ಎರಡೂ ಚಕ್ರಗಳ ಒಳಗಿನಿಂದ, ಬುರುಡೆಗೆ ಸೇರುವ ಒಂದೊಂದು ಸರಳನ್ನು ಎಳೆದು ತೆಗೆದರು. ಎಣ್ಣೆ ಸೋರದಂತೆ ಆ ತೂತುಗಳಿಗೆ ಕಟ್ಟಲು ನನ್ನ ಹಳೇ ಸೀರೆ ಹರಿದು ಕೊಟ್ಟೆ. ಅಷ್ಟರಲ್ಲಿ ಅರಕಲಗೂಡಿನ ಕಡೆ ಹೋಗುವ ಬಸ್ಸು ನಮ್ಮನ್ನು ದಾಟಿತು. ಡ್ರೈವರ್ ಕತ್ತು ಹೊರಗೆ ಹಾಕಿ ಪೂರ್ತಿ ನೋಡಿಕೊಂಡೇ ಹೋದ. ಸಂಜೆಯೊಳಗೆ ಮಾವನಿಗೆ ಸುದ್ದಿ ಮುಟ್ಟುತ್ತದೆಂದು ನನಗೆ ಆಗಲೇ ಗೊತ್ತಾಯಿತು.

ರಿಪೇರಿ ಹಾಸನದಲ್ಲೇ ಆಗಬೇಕು. ಮುಂದಿನ ಚಕ್ರಗಳು ಎಳೆದವು, ಹಿಂದಿನವು ಸುಮ್ಮನೆ ಉರುಳಿಕೊಂಡು ಬಂದವು. ಏರು ಬಂದಾಗ ಮುಂದಿನ ಚಕ್ರ ಮಣ್ಣಲ್ಲಿ ಜಾರುತ್ತಿತ್ತು. ಆಗ ರಾಗಿ ಮೂಟೆಯನ್ನು ಬಾನೆಟ್ಟಿನ ಮೇಲೆ ಕಟ್ಟಿದೆವು. ಅದೂ ಸಾಲದಾದಾಗ ನಾನೂ ಹತ್ತಿ ಮೂಟೆಯ ಪಕ್ಕ ಕುಳಿತೆ. ದಾರಿಯವರೆಲ್ಲ ನಿಂತು ನೋಡಿದರು. ನೋಡಲಿ ಎಂದು ಸೆರಗು ಬಿಗಿದುಕೊಂಡೆ.

ಹಾಸನದಲ್ಲಿ ರಹಮಾನ್ ಸಾಬರ ಷೆಡ್ಡು. ನಮ್ಮವರ ಜೊತೆ ಮಿಲಿಟರಿಯಲ್ಲಿದ್ದವರು. ಇಬ್ಬರೂ ಸೇರಿ ಬುರುಡೆ ಬಿಚ್ಚಿದರು. ಒಳಗಿನ ಚಿಕ್ಕ ಚಕ್ರಗಳ ಹಲ್ಲು ಸವೆದು ಮುರಿದು, ಚೂರುಗಳು ದೊಡ್ಡ ಚಕ್ರವನ್ನೂ ತಿಂದಿದ್ದವು. ಸಾಬರು ಒಂದನ್ನು ಬೆರಳಲ್ಲಿ ತಿರುಗಿಸಿ ನೋಡಿ ಕೇಳಿದರು:

“ಕ್ಯಾ ಭಾಯಿ, ಜೀಪಿಗೆ ಗಾಣ ಕಟ್ಟಿದ್ರಾ? ರೋಡಲ್ಲಿ ಓಡಿದ್ದು ಹಿಂಗೆ ಸವೆಯಲ್ಲ. ಇದು ಒಂದೇ ಕಡೆ ಸುತ್ತಿ ಸುತ್ತಿ ಸವೆದಿರೋದು.”

ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಜೀಪಿನ ಸ್ಟೀರಿಂಗ್ ಎಡಗಡೆ. ಮೇಟಿ ಕಾಣಲಿ ಎಂದು ನಮ್ಮವರು ಸುಗ್ಗಿಯುದ್ದಕ್ಕೂ ಎಡಕ್ಕೇ ತಿರುಗಿಸಿದ್ದರು, ಹಿಂದೆ ರೋಣಗಲ್ಲಿನ ಭಾರ ಬೇರೆ. ಕಣದ ಕಥೆ ಹೇಳಿದಾಗ ಸಾಬರು ನಗುತ್ತಾ ಅಲ್ಲೇ ಕುಳಿತುಬಿಟ್ಟರು. ನನಗೆ ನಗು ಬರಲಿಲ್ಲ, ಮಾವನ ಮೇಲೆ ಮೈಯೆಲ್ಲ ಉರಿಯಿತು.

ಹೊಸ ಹಲ್ಲುಚಕ್ರಗಳು ಹಾಸನದಲ್ಲಿ ಸಿಗಲಿಲ್ಲ. ಆಗ ನನಗೆ ನೆನಪಾದದ್ದು ಹಿರೀಸಾವೆಯ ತಾಯಮ್ಮನ ತೋಟ. ಅವರ ಯಜಮಾನರು ಇಂಥದ್ದೇ ಜೀಪು ತಂದು, ಇಂಜಿನ್ ಸುಟ್ಟ ಮೇಲೆ ತೆಂಗಿನ ಮರದ ಕೆಳಗೆ ಬಿಟ್ಟು ತೀರಿಹೋಗಿದ್ದರು. ಮಾರನೇ ದಿನ ಬಸ್ಸು ಹಿಡಿದೆವು. ಚನ್ನರಾಯಪಟ್ಟಣಕ್ಕೆ ತಲೆಗೆ ಹನ್ನೆರಡಾಣೆ, ರಾಗಿ ಮೂಟೆಗೆ ಬೇರೆ. ಅಲ್ಲಿ ಬಸ್ಸು ಬದಲಿಸಿ ಹಿರೀಸಾವೆ ಸೇರಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಅಂತೂ ತವರಿಗೆ ರಾಗಿ ಬಂತು, ಬಸ್ಸಿನ ತಲೆಯ ಮೇಲೆ.

ತಾಯಮ್ಮನ ಜೀಪಿನ ತುಂಬ ಕೋಳಿಗಳು. ಸೀಟಿನ ಮೇಲೆ ಒಂದು ಕಾವಿಗೆ ಕೂತಿತ್ತು. ಬೇಕಾದದ್ದು ಬಿಚ್ಚಿಕೊಳ್ಳಿ, ಕಾವು ಕೂತದ್ದನ್ನು ಎಬ್ಬಿಸಬೇಡಿ ಎಂದರು ತಾಯಮ್ಮ. ಬೆಲೆ ಕೇಳಿದ್ದಕ್ಕೆ ನನ್ನನ್ನೇ ನೋಡಿದರು.

“ದುಡ್ಡು ಬ್ಯಾಡ ಕಣವ್ವ. ನಿಮ್ದು ಓಡಾಡಂಗಾದ್ರೆ ಒಂದ್ಸಲ ಬಂದು ನನ್ನ ಕೂರುಸ್ಕೊಂಡು ಓಗಿ. ನಮ್ಮೋರು ಕೂರುಸ್ತೀನಿ ಅಂದಿದ್ರು, ಆಗ್ಲಿಲ್ಲ.”

ನಾನು ಮಾತು ಕೊಟ್ಟೆ. ನಮ್ಮವರು ಕೋಳಿ ಅಲುಗದಂತೆ ನೆಲದಲ್ಲಿ ತೆವಳಿಕೊಂಡು ಬುರುಡೆಯ ಸೆಟ್ಟು ಪೂರ್ತಿ ಬಿಚ್ಚಿದರು. ಎಣ್ಣೆಯಲ್ಲೇ ಮುಳುಗಿದ್ದರಿಂದ ಹಲ್ಲುಗಳು ಫಳಫಳ ಹೊಳೆಯುತ್ತಿದ್ದವು. ಅಮ್ಮನ ಕೈಯ ಅವರೆಕಾಳು ಸಾರು, ಮುದ್ದೆ ಉಂಡು, ಆ ಭಾರವನ್ನು ಗೋಣಿಯಲ್ಲಿ ಹೊತ್ತು ಹಾಸನಕ್ಕೆ ಮರಳಿದೆವು.

ಕೂರಿಸುವುದೇ ದೊಡ್ಡ ಕೆಲಸ. ಚಕ್ರಗಳ ಹಲ್ಲು ಒಂದಕ್ಕೊಂದು ಸರಿಯಾಗಿ ನಡುವಿನಲ್ಲಿ ಮುಟ್ಟಬೇಕು, ಅಂಚಿನಲ್ಲಿ ಮುಟ್ಟಿದರೆ ಮತ್ತೆ ಮುರಿಯುತ್ತದೆ. ಅದನ್ನು ನೋಡಲು ಹಲ್ಲಿಗೆ ಬಣ್ಣ ಬಳಿದು ತಿರುಗಿಸುತ್ತಾರೆ. ಸಾಬರ ಬಣ್ಣ ಮುಗಿದಿತ್ತು. ನನ್ನ ಕುಂಕುಮದ ಭರಣಿ ಕೊಟ್ಟೆ. ಹರಳೆಣ್ಣೆಯಲ್ಲಿ ಕಲಸಿ ಬಳಿದರು. ಮೊದಲ ಸಲ ಅಂಚಿನಲ್ಲಿ ಕೆಂಪು ಅಳಿಸಿತ್ತು. ಬಿಚ್ಚಿ, ತೆಳು ತಗಡೊಂದನ್ನು ಸೇರಿಸಿ ಮತ್ತೆ ಕೂರಿಸಿದರು. ಈ ಸಲ ಪ್ರತಿ ಹಲ್ಲಿನ ನಡುವೆಯೂ ಗುರುತು ಬಿತ್ತು. “ಹಣೆ ನಡುವೆ ಇಟ್ಟಂಗೆ ಬಂತು ನೋಡಮ್ಮ,” ಎಂದರು ಸಾಬರು. ನನಗೆ ಎಷ್ಟು ಖುಷಿಯಾಯಿತೆಂದರೆ ಕಣ್ಣು ಒರೆಸಿಕೊಳ್ಳಬೇಕಾಯಿತು.

ಹಾಸನದಿಂದ ನೇರ ದಾರಿಯಲ್ಲಿ ಹೊರಟೆವು. ಒಂದು ಸದ್ದಿಲ್ಲ. ಅರಕಲಗೂಡು ಹತ್ತಿರ ಬರುತ್ತಿದ್ದಂತೆ ನಮ್ಮವರು, ಕಣದ ವಿಷಯ ಅಪ್ಪನಿಗೆ ಹೇಳುವುದು ಬೇಡ, ನೊಂದುಕೊಳ್ಳುತ್ತಾರೆ ಎಂದರು. ನಾನು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ.

ಊರಾಚೆಯ ಹುಣಿಸೆ ಮರದ ಕೆಳಗೆ ಮಾವ ನಿಂತಿದ್ದರು. ಪಕ್ಕದಲ್ಲಿ ಯಾರದೋ ಜೋಡಿ ಎತ್ತು, ತಮ್ಮ ಹೆಗಲ ಮೇಲೆ ದಪ್ಪ ಹಗ್ಗ. ಬಸ್ಸಿನವನ ಸುದ್ದಿ ಕೇಳಿ, ದಿನ ಕಳೆದರೂ ನಾವು ಬಾರದ್ದಕ್ಕೆ ನಮ್ಮನ್ನು ಎಳೆದು ತರಲು ಹೊರಟಿದ್ದರು. ಜೀಪು ತಾನಾಗಿ ಓಡಿ ಬಂದು ಎದುರು ನಿಂತಾಗ ಅದರ ಸುತ್ತ ಒಂದು ಸುತ್ತು ಬಂದು ನೋಡಿದರು. ಆಮೇಲೆ ಏನು ಮುರಿದಿತ್ತು ಎಂದು ಕೇಳಿದರು. ನಮ್ಮವರು ಗಿಯರಿನ ಗುಂಡಿ ಒರೆಸತೊಡಗಿದರು.

“ಒಂದೇ ಕಡೆ ಸುತ್ತುಸಿ ಕಣ ತುಳುಸಿದ್ದಕ್ಕೆ ಮುರೀತಂತೆ ಮಾವ,” ಎಂದೆ.

ಬೈಗುಳಕ್ಕೆ ಕಾದೆ. ಮಾವ ಜೀಪಿನ ಹಿಂದೆ ಹೋಗಿ, ಬಗ್ಗಿ, ಬುರುಡೆಯ ಮೇಲೆ ಅಂಗೈ ಇಟ್ಟರು. ಓಡಿ ಬಂದದ್ದರಿಂದ ಅದಿನ್ನೂ ಬಿಸಿಯಾಗಿತ್ತು. ಎತ್ತಿನ ಮೈ ಸವರುವವರ ಹಾಗೆ ಒಂದು ಸಲ ಸವರಿದರು.

“ಎತ್ತಾದ್ರೆ ಸಾಕಾದಾಗ ನಿಂತ್ಕೊಂಬುಡ್ತಿತ್ತು. ನಾನು ತಿಳ್ಕೊತಿದ್ದೆ,” ಎಂದರು. “ಇದು ನಿಲ್ಲಾಕಿಲ್ವಲ್ಲವ್ವ.”

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಎತ್ತುಗಳನ್ನು ನಡೆಸಿಕೊಂಡು ಬರುತ್ತೇನೆ, ನೀವು ಮುಂದೆ ಹೋಗಿ ಎಂದರು ಮಾವ. ಹೋಗುವ ಮೊದಲು ಹೆಗಲ ಹಗ್ಗವನ್ನು ಇಳಿಸಿ, ಸುತ್ತಿ, ಜೀಪಿನ ಹಿಂದಿನ ಸೀಟಿನ ಕೆಳಗೆ ತುರುಕಿದರು. ಇನ್ನು ಇದೇಕೆ ಎಂದು ನಾನು ಕೇಳಿದೆ.

“ಇರ್ಲಿ,” ಎಂದರು ಮಾವ. “ಕೆಟ್ಟು ನಿಂತಿರೋ ಬ್ಯಾರೇರ ಗಾಡಿ ಎಳ್ಕೊಂಡು ಬರಾಕೆ ಬೇಕಾಯ್ತದೆ.”