ಪರದೆಯ ಈಚೆಯ ಆಕಾಶ

ನನ್ನ ತಮ್ಮನ ಮೂರು ಮಕ್ಕಳಿಗೆ ನಾನು ವರ್ಷಗಟ್ಟಲೆ ಮಲಗುವ ಹೊತ್ತಿನ ಕತೆ ಹೇಳಿದ್ದೇನೆ. ಅದಕ್ಕಾಗಿ ಯಾರೂ ನನಗೆ ಶಾಲು ಹೊದಿಸಬೇಕಾಗಿಲ್ಲ. ಆದರೆ ಹದಿಮೂರರ ಹುಡುಗಿ, ಒಂಬತ್ತರ ಹುಡುಗ, ಐದರ ಪುಟ್ಟಿ, ಈ ಮೂವರಿಗೂ ಒಂದೇ ಕತೆಯನ್ನು ಒಟ್ಟಿಗೆ ಹೇಳುವುದು ಎಂಥ ತಾಪತ್ರಯ ಎಂದು ಹೇಳಿದವರಿಗಷ್ಟೇ ಗೊತ್ತು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಅನುಕೂಲ ನಮಗಿರಲಿಲ್ಲ. ಮುಂಬೈಯ ಬೈಕುಲ್ಲಾದ ಚಾಳಿನಲ್ಲಿ ನಮ್ಮದು ಒಂದೇ ಖೋಲಿ, ನಡುವೆ ಒಂದು ಪರದೆ. ಪರದೆಯ ಆಚೆ ಮಂಚದ ಮೇಲೆ ತಮ್ಮ ಮತ್ತು ಅವನ ಹೆಂಡತಿ. ಈಚೆ ನೆಲದ ಮೇಲೆ ಸಾಲಾಗಿ ನಾನು ಮತ್ತು ಮಕ್ಕಳು.

ಆ ಖೋಲಿ ಅಪ್ಪನದು. ವಿಜಯಪುರದ ಕಡೆಯಿಂದ ಬಂದು ಇಲ್ಲಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ಹಿಡಿದುಕೊಂಡದ್ದು. ಅಪ್ಪ ಹೋದ ಮೇಲೆ ಅವ್ವನನ್ನು ನೋಡಿಕೊಂಡವಳು, ತಮ್ಮನನ್ನು ಕಾಲೇಜು ದಾಟಿಸಿದವಳು ನಾನು. ಮದುವೆಯಾಗದೆ ಉಳಿದದ್ದನ್ನು ನೆಂಟರು ತ್ಯಾಗ ಎನ್ನುತ್ತಾರೆ. ತ್ಯಾಗವೂ ಇಲ್ಲ, ಗೀಗವೂ ಇಲ್ಲ. ನೋಡಲು ಬಂದ ಗಂಡುಗಳು ನನ್ನ ಮನಸ್ಸಿಗೆ ಬರಲಿಲ್ಲ, ಅಷ್ಟೇ. ಆಮೇಲೆ ಅವ್ವ ಹೋದಳು, ತಮ್ಮನ ಹೆಂಡತಿ ಬಂದಳು, ಮಕ್ಕಳಾದವು, ನಾನು ಹಾಸುವ ಚಾಪೆ ಗೋಡೆಯ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಯಿತು.

ಕನ್ನಡ ಶಾಲೆಯೊಂದರಲ್ಲಿ ನಾನು ಟೀಚರ್. ನನ್ನ ವರ್ಗಕ್ಕೆ ಬರುವವರು ಕಟ್ಟಡ ಕೆಲಸದವರ, ಮನೆಗೆಲಸದವರ ಮಕ್ಕಳು. ತಮ್ಮನ ಮಕ್ಕಳು ಮೂವರೂ ಇಂಗ್ಲಿಷ್ ಶಾಲೆಗೆ ಹೋದರು. ಆ ಬಗ್ಗೆ ನಾನು ಒಂದು ಸಲ ಬಾಯಿ ತೆರೆದಿದ್ದೆ. "ಅಕ್ಕಾ, ಕನ್ನಡಾ ಕಲತು ಮುಂಬೈದಾಗ ಏನ್ ಮಾಡೂದದ?" ಎಂದು ತಮ್ಮ ನಕ್ಕಿದ್ದ. ಅಕ್ಕನ ಕನ್ನಡದ ಸಂಬಳದಲ್ಲಿ ಓದಿದವನು ಕೇಳುವ ಪ್ರಶ್ನೆ ಇದು. ನಾನೂ ಹಟದವಳು. ಕತೆ ಬೇಕಾದರೆ ಕನ್ನಡದಲ್ಲೇ ಎಂದು ಮಕ್ಕಳಿಗೆ ಷರತ್ತು ಹಾಕಿದೆ. ಅವರು ಒಪ್ಪಿದರು. ಕತೆ ಕೇಳುವುದು ಕನ್ನಡದಲ್ಲಿ, ತಕರಾರು ತೆಗೆಯುವುದು ಹಿಂದಿಯಲ್ಲಿ, ಸೋದರತ್ತೆಯಾದ ನನ್ನನ್ನು ಕರೆಯುವುದು ಮರಾಠಿಯಲ್ಲಿ, ಆತ್ಯಾ ಎಂದು.

ರಾಜ ರಾಣಿಯರ ಕತೆ ಹುಡುಗನಿಗೆ ಬೇಡ. ನರಿ, ಕಾಗೆಗಳ ಕತೆ ದೊಡ್ಡವಳಿಗೆ ಬೇಡ. ಹೇಗೋ ಮಾಡಿ ಆಕಾಶಕ್ಕೆ ಹೋದೆವು, ಅಲ್ಲಿ ಮೂವರಿಗೂ ಜಾಗ ಸಿಕ್ಕಿತು. ಪುಟ್ಟಿಗೆ ಚಂದ್ರನ ಮೇಲೆ ತಿನ್ನಲು ಏನಾದರೂ ಸಿಗಲೇಬೇಕು. ಸರಿ, ಅಲ್ಲೊಬ್ಬ ವಡಾಪಾವ್ ಮಾರುವವನನ್ನು ಕೂರಿಸಿದೆ. "ಆತ್ಯಾ, ವಹಾ ಹವಾ ಹೀ ನಹೀ, ಸ್ಟವ್ ಕೈಸೇ ಜಲೇಗಾ?" ಎಂದಳು ದೊಡ್ಡವಳು. ನಿಜವೇ. ಹಾಗಾಗಿ ಆ ಮನುಷ್ಯ ಹಿಟ್ಟು ಕಲಸಿಟ್ಟುಕೊಂಡು, ಭೂಮಿಯಿಂದ ಗಾಳಿಯ ಸಿಲಿಂಡರ್ ಬರುವುದನ್ನೇ ಕಾಯುತ್ತಾ ಕುಳಿತ. ಸಿಲಿಂಡರ್ ಹೊತ್ತ ಯಾನವನ್ನು ಮಂಗಳ ಗ್ರಹದವರು ನಡುದಾರಿಯಲ್ಲಿ ತಡೆಯಲಿ ಎಂದ ಹುಡುಗ. ತಡೆದರು. ಹೀಗೆ ಒಬ್ಬರ ಹಟದಿಂದ ಇನ್ನೊಬ್ಬರ ಕತೆ ಮುಂದಕ್ಕೆ ಹೋಗುತ್ತಿತ್ತು. ಯಾರನ್ನೂ ಬಿಡದೆ ಮೂವರನ್ನೂ ಒಂದೇ ಯಾನದಲ್ಲಿ ಕರೆದುಕೊಂಡು ಹೋಗುವುದು ನನಗೆ ಒಗ್ಗಿಬಿಟ್ಟಿತ್ತು. ಸುಳ್ಳು ಯಾಕೆ, ದಿನವಿಡೀ ಖಾಲಿ ಬೆಂಚುಗಳಿಗೆ ಪಾಠ ಮಾಡಿ ಬಂದವಳಿಗೆ ಆ ಹೊತ್ತು ತುಂಬ ಸುಖ ಕೊಡುತ್ತಿತ್ತು.

ಪರದೆಯ ಆಚೆಯಿಂದ ನಮಗೆ ಬರುತ್ತಿದ್ದದ್ದು ಒಂದೇ ಒಂದು ತಕರಾರು. ರಾತ್ರಿ ಹೊತ್ತು ಶನಿಯ ಹೆಸರು ತೆಗೆಯಬಾರದು ಎನ್ನುತ್ತಿದ್ದಳು ತಮ್ಮನ ಹೆಂಡತಿ. "ಅಕ್ಕಾರ, ಮಕ್ಕಳ ತಲಿದೆಸಿಗೆ ಕೂತು ಅವನ್ನ ಯಾಕ ಕರೀತೀರಿ?" ಎಂದಳು. ಅಂದಿನಿಂದ ನಮ್ಮ ಕತೆಯಲ್ಲಿ ಆ ಗ್ರಹ ಬಳೆಗಾರನಾದ. ಉಳಿದಂತೆ ಗಂಡ ಹೆಂಡತಿ ಇಬ್ಬರೂ ಕಿವಿಗೆ ವೈರು ಸಿಕ್ಕಿಸಿಕೊಂಡು ಮೊಬೈಲ್ ನೋಡುತ್ತಿದ್ದರು. ಪರದೆಯ ಮೇಲೆ ಅದರ ನೀಲಿ ಬೆಳಕು ಆಡುತ್ತಿತ್ತು.

ಈಗ ಆ ಮನೆಯ ಒಂದು ರೂಢಿಯನ್ನು ಹೇಳಬೇಕು. ಬೇರೆಯವರು ಮಕ್ಕಳಿಂದ ಮುಚ್ಚಿಡುವ ಮಾತನ್ನು ಇಂಗ್ಲಿಷಿನಲ್ಲಿ ಆಡುತ್ತಾರೆ. ನಮ್ಮ ಮಕ್ಕಳ ಇಂಗ್ಲಿಷ್ ಅಪ್ಪ ಅಮ್ಮನ ಇಂಗ್ಲಿಷಿಗಿಂತ ಚೆನ್ನಾಗಿತ್ತು, ಆದ್ದರಿಂದ ಅದು ಆಗದ ಮಾತು. ಮಕ್ಕಳ ಜೊತೆ ಹಿಂದಿ, ಮುಚ್ಚಿಡಬೇಕಾದ್ದಕ್ಕೆ ಕನ್ನಡ. ಹುಟ್ಟುಹಬ್ಬಕ್ಕೆ ಏನು ತರುವುದು, ಯಾವ ನೆಂಟರನ್ನು ಕರೆಯದಿರುವುದು, ಎಲ್ಲವೂ ಮಕ್ಕಳ ಎದುರಿಗೇ ಕನ್ನಡದಲ್ಲಿ ನಡೆಯುತ್ತಿತ್ತು. ಮಕ್ಕಳು ಯಾವತ್ತೂ ಕನ್ನಡದಲ್ಲಿ ಉತ್ತರ ಕೊಟ್ಟವರಲ್ಲವಲ್ಲ, ಅವಕ್ಕೇನು ತಿಳಿಯುತ್ತದೆ ಎಂಬ ಧೈರ್ಯ. ಅಷ್ಟು ವರ್ಷ ಮೂರೂ ಮಕ್ಕಳು ಯಾರ ಬಾಯನ್ನು ನೋಡುತ್ತಾ ಮಲಗಿದ್ದವು ಎಂಬುದು ಅವರ ತಲೆಗೇ ಹೋಗಲಿಲ್ಲ.

ಚಾಳನ್ನು ಕೆಡವಿ ಟವರ್ ಕಟ್ಟುವ ಮಾತು ಬಹಳ ದಿನಗಳಿಂದ ಇತ್ತು. ಒಂದು ಮಳೆಗಾಲ ಮುಗಿಯುತ್ತಲೇ ಅದು ನಿಜವಾಯಿತು, ಎಲ್ಲರೂ ಖೋಲಿ ಖಾಲಿ ಮಾಡಬೇಕಾಯಿತು. ತಮ್ಮ ಲೋಕಲ್ ರೈಲಿನ ದೂರದ ಸ್ಟೇಷನ್ ಕಲ್ಯಾಣದ ಆಚೆ ಒಂದು ಫ್ಲ್ಯಾಟ್ ನೋಡಿದ. ಅದರಲ್ಲಿ ಹಾಲ್, ಅಡುಗೆಮನೆ, ಎರಡು ಮಲಗುವ ಕೋಣೆ. ಮಕ್ಕಳಿಗೇ ಒಂದು ಕೋಣೆ ಎಂದು ಕೇಳಿ ಹುಡುಗ ಗ್ಯಾಲರಿಯುದ್ದಕ್ಕೂ ಓಡಾಡಿ ನೆರೆಯವರಿಗೆಲ್ಲ ಸಾರಿದ. ಮಕ್ಕಳ ಕೋಣೆಯ ಕಿಟಕಿಯ ಕೆಳಗೆ ನನ್ನ ಚಾಪೆ ಹಾಸಿದರಾಯಿತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆದರೆ ಯಾರೂ ನನಗೆ ಏನೂ ಹೇಳಲಿಲ್ಲ. ಊಟಕ್ಕೆ ಕುಳಿತಾಗ ನಾನೇ ಕೇಳಿದೆ, "ಅಲ್ಲಿಂದ ನನ್ನ ಶಾಲಿಗೆ ಬರಾಕ ಎಷ್ಟ್ ಹೊತ್ತ ಹಿಡೀತದೋ?" ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ನೋಡೂಣು" ಎಂದ. ನಮ್ಮ ಮನೆಯಲ್ಲಿ ನೋಡೂಣು ಎಂದರೆ ಆಗುವುದಿಲ್ಲ ಎಂದು ಅರ್ಥ. ಅವ್ವನ ಕಾಲದಿಂದಲೂ ಹಾಗೇ. ಆದರೂ ಅಂದು ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಸಾಮಾನು ಕಟ್ಟುವ ದಿನಗಳಲ್ಲಿ ಕತೆಯೂ ಅದೇ ದಾರಿ ಹಿಡಿಯಿತು. ಹೊಸ ಗ್ರಹವೊಂದು ಸಿಕ್ಕಿದೆ, ಅಲ್ಲಿ ದಿನವಿಡೀ ನಲ್ಲಿಯಲ್ಲಿ ನೀರು ಬರುತ್ತದೆ, ಲಿಫ್ಟ್ ಇದೆ, ಎಲ್ಲರೂ ಅಲ್ಲಿಗೆ ಹೊರಟಿದ್ದಾರೆ ಎಂದು ಶುರು ಮಾಡಿದೆ. ಹುಡುಗ ಯಾನದಲ್ಲಿ ಸೀಟು ಹಂಚತೊಡಗಿದ. ಪಪ್ಪಾ ಮುಂದೆ, ಮಮ್ಮಿ ಪಕ್ಕದಲ್ಲಿ, ಕಿಟಕಿ ತನಗೆ, ಹಿಂದೆ ಅಕ್ಕ ತಂಗಿಯರು. ಅಲ್ಲಿಗೆ ನಿಲ್ಲಿಸಿದ.

"ಮತ್ತ ನಾನು?" ಎಂದು ತಮಾಷೆಗೆ ಕೇಳಿದೆ.

ಹುಡುಗ ಚಾದರವನ್ನು ಮೂಗಿನವರೆಗೆ ಎಳೆದುಕೊಂಡ. ದೊಡ್ಡವಳು ಗೋಡೆಯ ಕಡೆ ತಿರುಗಿ ಮಲಗಿದಳು. ನನ್ನ ತೋಳಿನ ಮೇಲೆ ತಲೆ ಇಟ್ಟಿದ್ದ ಪುಟ್ಟಿ ಮಾತ್ರ, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಸ್ಪಷ್ಟವಾಗಿ ಹೇಳಿದಳು, "ಆಕಿ ಬಂದ್ಲಂದ್ರ ಹುಡುಗ್ರಿಗೆ ಖೋಲಿ ಎಲ್ಲಿ ಉಳೀತದ? ಆಕಿಗೆ ಎಲ್ಲೆರೆ ಒಂದ್ ಜಗಾ ನೋಡ್ರಿ."

ಅದು ಆ ಮಗುವಿನ ಬಾಯಿಂದ ಬಂದ ಮೊದಲ ಪೂರ್ತಿ ಕನ್ನಡದ ಮಾತು. ಒಂದೂ ತಪ್ಪಿರಲಿಲ್ಲ. ಅಮ್ಮನ ರಾಗ, ಗಂಡನಿಗೆ ಹೇಳುವ ಆ ಕೊನೆಯ 'ರಿ', ಎಲ್ಲ ಹಾಗೇ ಇತ್ತು. ಇಪ್ಪತ್ತು ಇಪ್ಪತ್ತೈದು ವರ್ಷ ಶಾಲೆಯಲ್ಲೂ ಮನೆಯಲ್ಲೂ ಮಕ್ಕಳ ಬಾಯಲ್ಲಿ ಕನ್ನಡ ಹೊರಡಿಸಲು ಒದ್ದಾಡಿದವಳು ನಾನು. ಬೇರೆ ದಿನವಾಗಿದ್ದರೆ ಅವಳನ್ನು ಎತ್ತಿ ಮುದ್ದಾಡುತ್ತಿದ್ದೆ.

ಪರದೆಯ ಮೇಲಿನ ನೀಲಿ ಬೆಳಕು ಆರಿತು. ಅವರು ಕೇಳಿಸಿಕೊಂಡರು ಎಂದು ಗೊತ್ತಾಯಿತು. ತಮ್ಮ ಈಗ ಏನಾದರೂ ಹೇಳುತ್ತಾನೆ ಎಂದು ಕಾದೆ. ಛೇ, ಹುಡುಗಿ ಏನೋ ಹುಚ್ಚುಹುಚ್ಚಾಗಿ ಆಡುತ್ತಾಳೆ ಅಕ್ಕಾ ಎನ್ನಲಿ. ಬೈಯಲಿ. ಬೇಕಾದರೆ ಸುಳ್ಳನ್ನೇ ಹೇಳಲಿ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಅವನ ಮಂಚ. ಅಲ್ಲಿಂದ ಬಳೆಯ ಸದ್ದೂ ಬರಲಿಲ್ಲ, ಕೆಮ್ಮೂ ಬರಲಿಲ್ಲ. ಆಮೇಲೆ ಗೊರಕೆ ಶುರುವಾಯಿತು. ನನ್ನ ತಮ್ಮ ಹುಟ್ಟಿದಂದಿನಿಂದ ಗೊರಕೆ ಹೊಡೆದವನಲ್ಲ.

"ಫಿರ್ ಕ್ಯಾ ಹುವಾ?" ಎಂದಳು ಪುಟ್ಟಿ. ಕತೆ ಮುಗಿಯದೆ ಅವಳಿಗೆ ನಿದ್ದೆ ಬರುವುದಿಲ್ಲ. ಮುಗಿಸಲೇಬೇಕಿತ್ತು. ಯಾನದ ಬಾಗಿಲು ಹಾಕಿದರು, ಎಲ್ಲರೂ ಪಟ್ಟಿ ಬಿಗಿದುಕೊಂಡರು, ಹೊಗೆ ಎದ್ದಿತು, ಹೊಸ ಗ್ರಹಕ್ಕೆ ಹೊರಟೇ ಬಿಟ್ಟರು ಎಂದೆ. "ಔರ್ ಆತ್ಯಾ?" ಎಂದು ಹುಡುಗ ಬಾಯಿ ತೆರೆದ. ದೊಡ್ಡವಳು ತಿರುಗಿ ಅವನ ಬಾಯಿ ಮುಚ್ಚಿದಳು. ಆತ್ಯಾ ಕೆಳಗೆ ನಿಂತು ಟಾಟಾ ಮಾಡಿದಳು ಎಂದು ಹೇಳಿ ಮುಗಿಸಿದೆ. ಮುಂದೆ ಯಾರೂ ಕೇಳದಿರಲಿ ಎಂದು ದೊಡ್ಡದಾಗಿ ಆಕಳಿಸಿದೆ.

ಬೆಳಿಗ್ಗೆ ತಮ್ಮನ ಹೆಂಡತಿ ನನ್ನ ಡಬ್ಬಿಗೆ ಯಾವತ್ತೂ ಇಲ್ಲದೆ ತುಪ್ಪ ಸವರಿದ ಚಪಾತಿ ಹಾಕಿದಳು. "ಹುಡುಗ್ರ ಮಾತ ಮನಸಿಗೆ ಹಚ್ಕೋಬ್ಯಾಡ್ರಿ ಅಕ್ಕಾರ" ಎಂದಳು. ಮಾತು ಹುಡುಗರದ್ದಲ್ಲ ಎಂದು ಹೇಳಲು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕನ್ನಡಿಯ ಮುಂದೆ ಗಡ್ಡ ಮಾಡಿಕೊಳ್ಳುತ್ತಿದ್ದ ತಮ್ಮ ಅಲ್ಲಿಂದಲೇ ಹೇಳಿದ, "ನಿನಗ ತ್ರಾಸ ಆಗಬಾರದಂತ ನಾವು ಮಾತಾಡ್ತಿದ್ವಿ. ದಿನಾ ಕಲ್ಯಾಣದಿಂದ ಲೋಕಲ್‌ದಾಗ ಜೋತು ಬೀಳೂ ವಯಸ್ಸೇನು ನಿಂದು?" ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವನಿಗೆ ಸಿಟ್ಟು ಬಂತು. "ನನಗೇನ್ ಕನಸು ಬಿದ್ದಿತ್ತೇನು ಅವಕ್ಕ ಇಷ್ಟೆಲ್ಲಾ ತಿಳೀತದಂತ? ನೀನ ಅಲ್ಲೇನು ಕೂತು ಕೂತು ಕಲಿಸಿದಾಕಿ?"

ತಪ್ಪು ನನ್ನದೇ ಆಯಿತು. ನನ್ನನ್ನು ಹೊರಗೆ ಹಾಕಿದ್ದಕ್ಕೆ ಅವನಿಗೆ ಬೇಸರವಿರಲಿಲ್ಲ, ಅದು ಮಕ್ಕಳಿಗೆ ತಿಳಿದದ್ದಕ್ಕಿತ್ತು. ಅಂದಿನಿಂದ ಪರೀಕ್ಷೆ ಬಂತೆಂದು ಕತೆ ನಿಂತಿತು. ಐದು ವರ್ಷದ ಮಗುವಿಗೆ ಎಂಥ ಪರೀಕ್ಷೆಯೋ, ನಾನು ಕೇಳಲಿಲ್ಲ.

ಅವರು ಕಲ್ಯಾಣಕ್ಕೆ ಹೋದರು. ನಾನು ಆಂಟಾಪ್ ಹಿಲ್‌ನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಹಿಡಿದೆ. ಒಳ್ಳೆಯ ಹೆಂಗಸು, ಸಂಜೆ ಚಹ ಕೊಡುತ್ತಾಳೆ, ಮಾತು ಕಡಿಮೆ. ಮೊದಮೊದಲು ಮಕ್ಕಳ ಜೊತೆ ವಿಡಿಯೊ ಕಾಲ್ ಇತ್ತು. ಕತೆಗಳನ್ನು ಮಾತಾಡಿ ಮೊಬೈಲಿಗೆ ಕಳಿಸಿಬಿಡಿ, ಮಕ್ಕಳಿಗೆ ಬೇಕಾದಾಗ ಹಚ್ಚಿಕೊಡುತ್ತೇನೆ ಎಂದು ತಮ್ಮನ ಹೆಂಡತಿ ಕೇಳಿದಳು. ನಾನು ಬೇಡ, ದನಿ ಮಾತ್ರ ಬೇಕು ಎಂದಂತಾಯಿತು. ಗಂಟಲು ಸರಿಯಿಲ್ಲ ಎಂದೆ. ಅದಾದ ಮೇಲೆ ಫೋನು ಹಬ್ಬಕ್ಕೊಮ್ಮೆ ಬರತೊಡಗಿತು.

ಒಂದು ವರ್ಷವಾದ ಮೇಲೆ, ದೀಪಾವಳಿಯ ರಜೆಯಲ್ಲಿ, ಅವರೇ ಕರೆದರೆಂದು ಹೋದೆ. ಮಕ್ಕಳ ಕೋಣೆ ಚೆನ್ನಾಗಿತ್ತು, ಕಿಟಕಿಯ ಕೆಳಗೆ ಪುಸ್ತಕದ ಕಪಾಟು ಕೂತಿತ್ತು. ಹುಡುಗ ಕಂಪ್ಯೂಟರಿನಲ್ಲಿ ಏನೋ ಹೊಡೆದುರುಳಿಸುತ್ತಿದ್ದ, ಹಾಯ್ ಆತ್ಯಾ ಎಂದು ಮತ್ತೆ ಅದರಲ್ಲೇ ಮುಳುಗಿದ. ಊಟವಾದ ಮೇಲೆ ಪುಟ್ಟಿ ನನ್ನನ್ನು ಹಾಸಿಗೆಗೆ ಎಳೆದುಕೊಂಡು ಹೋಗಿ ಕತೆ ಹೇಳು ಎಂದಳು. ಶುರು ಮಾಡಿದೆ. ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿದಳು. ಆಮೇಲೆ ಕೆನ್ನೆ ಹಿಡಿದು, "ಹಿಂದೀ ಮೇ ಬೋಲೋ ನಾ ಆತ್ಯಾ, ಸಮಝ್ ನಹೀ ಆತಾ" ಎಂದಳು. ಆ ರಾತ್ರಿಯ ನಂತರ ಮಕ್ಕಳ ಎದುರಿಗೆ ಯಾರೂ ಕನ್ನಡ ಆಡಿರಲಿಕ್ಕಿಲ್ಲ, ಒಂದೇ ವರ್ಷದಲ್ಲಿ ಅಷ್ಟೂ ಹೋಗಿತ್ತು. ಷರತ್ತು ಹಾಕುವವಳು ಈಗ ನಾನಲ್ಲ. ಹಿಂದಿಯಲ್ಲೇ ಹೇಳಿದೆ. ಅವಳಿಗೆ ಖುಷಿಯಾಯಿತು, ಆತ್ಯಾ ಇವತ್ತು ಇಲ್ಲೇ ಮಲಗಲಿ ಎಂದು ಅಮ್ಮನಿಗೆ ಕೂಗಿ ಹೇಳಿದಳು.

ಅಡುಗೆಮನೆಯಲ್ಲಿ ಗಂಡ ಹೆಂಡತಿ ಗುಸುಗುಸು ಮಾಡಿದರು. ಹೊಸ ಮನೆಯ ಗೋಡೆಗಳೂ ತೆಳುವೇ. "ಒಂದ್ ರಾತ್ರಿ ಅಂತ ಇಟ್ಕೊಂಡ್ರ ಮುಂದ ಅದ ಚಟಾ ಆಗ್ತದ. ಈಗಿನ ಗಾಡಿಗೆ ಹಚ್ಚಿ ಬರ್ತೇನಿ" ಎಂದ ತಮ್ಮ.

"ಪಪ್ಪಾ ನೇ ಕ್ಯಾ ಬೋಲಾ?" ಎಂದು ಪುಟ್ಟಿ ಅಪ್ಪನ ಮಾತಿನ ಅರ್ಥ ನನ್ನನ್ನು ಕೇಳಿದಳು. ದೊಡ್ಡವಳು ಓದುತ್ತಿದ್ದ ಪುಸ್ತಕ ಮಡಚಿದಳು.

"ಕುಛ್ ನಹೀ. ಆತ್ಯಾ ಕೋ ದೇರ್ ಹೋ ರಹೀ ಹೈ" ಎಂದು ತಂಗಿಗೆ ಹೇಳಿದಳು, ನನಗೇ ಹೊತ್ತಾಯಿತು ಎಂಬಂತೆ.

ಮೂವರಲ್ಲಿ ನನ್ನ ಕನ್ನಡ ಉಳಿದದ್ದು ಅವಳೊಬ್ಬಳಲ್ಲೇ. ಅವಳು ನನ್ನ ಮುಖ ನೋಡಲಿಲ್ಲ. ಎದ್ದು ಹೋಗಿ ಹಾಲ್‌ನಲ್ಲಿಟ್ಟಿದ್ದ ನನ್ನ ಚೀಲ ತಂದು ಕೈಗೆ ಕೊಟ್ಟಳು.