ದೇವರಿಗೆ ಸಂದ ತಪ್ಪುಕಾಣಿಕೆ

ದುಡ್ಡು ಕೊಟ್ಟು ಹೆದರುವ ಶೋಕಿ ನನಗಿಲ್ಲ. ಹೆಂಡತಿಯ ತಮ್ಮ ಬಲವಂತ ಮಾಡಿದನೆಂದು ಹುಣಸೂರಿನಲ್ಲಿ ಮ್ಯಾಟಿನಿಗೆ ಹೋದೆ. ಕೈ ಮುಗಿದು ಬೇಡಿದರೂ ಊರವರು ಕಳ್ಳನೆಂದು ಬಡಿದು ಕೊಂದ ಅಮಾಯಕನೊಬ್ಬ ದೆವ್ವವಾಗಿ ಬಂದು, ಹೊಡೆದವರನ್ನೆಲ್ಲ ಒಬ್ಬೊಬ್ಬರಾಗಿ ಮುಗಿಸುವ ಕತೆ. ದೆವ್ವಕ್ಕೆ ಬಳಿದ ಸುಣ್ಣದ ಗುಣಮಟ್ಟದ ಬಗ್ಗೆ ನಾನು ಘನಗಂಭೀರ ಚಿಂತನೆಯಲ್ಲಿದ್ದಾಗ ಪಕ್ಕದಲ್ಲಿ ಬಿಕ್ಕುವ ಸದ್ದು. ಭಾಮೈದ ಎದ್ದು ಹೊರಟೇಬಿಟ್ಟ.

ಬೈಕ್ ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದೆ: "ಏನ್ಲಾ, ಸುಣ್ಣ ಬಳ್ಕೊಂಡೋನ್ಗೆ ಇಷ್ಟು ಎದ್ರೋದಾ?"

"ಆ ಕಂಪಲಾಪುರದೋನು ಕಣ್ ಭಾವ. ಅವ್ನೂ ಇಂಗೇ ಕೈ ಮುಗೀತಿದ್ದ."

ಸಂಗತಿ ನನಗೆ ಗೊತ್ತಿತ್ತು. ಹೋದ ವರ್ಷ ಭಾಮೈದನ ದೊಡ್ಡಪ್ಪನ ಮನೆಯ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಗೂಡಿನಿಂದ ಬೇಯಿಸಿಟ್ಟ ಸೊಪ್ಪು ಕಳುವಾದಾಗ, ಸೊಪ್ಪು ಕಟ್ಟಲು ಕಂಪಲಾಪುರದಿಂದ ಬಂದಿದ್ದ ಕೂಲಿಯವನನ್ನು ಕಂಬಕ್ಕೆ ಬಿಗಿದು ಹೊಡೆದಿದ್ದರು. ಮೊದಲ ಏಟು ಭಾಮೈದನದು. ಆಮೇಲೆ ಸೊಪ್ಪು ದೊಡ್ಡಪ್ಪನ ಮಗನ ಅಟ್ಟದಲ್ಲೇ ಸಿಕ್ಕಿತು. ಮನೆತನದ ಮರ್ಯಾದೆಗೆಂದು ಸುದ್ದಿ ಮುಚ್ಚಿ, ನ್ಯಾಯವಂತರೆಲ್ಲ ಶಾಸ್ತ್ರೋಕ್ತವಾಗಿ ಪ್ರಾಯಶ್ಚಿತ್ತ ಮಾಡಿಕೊಂಡರು: ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ, ಮಾರಮ್ಮನಿಗೆ ತಪ್ಪುಕಾಣಿಕೆ ಹಾಕಿ, ಗಲ್ಲ ಬಡಿದುಕೊಂಡು ಉಣ್ಣಲು ಹೋದರು. ಏಟು ತಿಂದದ್ದು ಮಾರಮ್ಮನಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

"ಅಮ್ಮ ಮಾಫಿ ಮಾಡವ್ಳೆ ಅಂದ್ಕೊಂಡಿದ್ದೆ ಭಾವ. ಇಲ್ಲ. ಉಂಡಿದ್ದು ಇಳಿಯಾಕಿಲ್ಲ. ಸತ್ತೋದ್ರೆ ಸಾಕು ಅನ್ಸ್ತದೆ."

ನನ್ನ ಹಾಸ್ಯಪ್ರಜ್ಞೆ ಅಲ್ಲಿಗೆ ರಾಜೀನಾಮೆ ಕೊಟ್ಟಿತು. ಬೈಕನ್ನು ಕಂಪಲಾಪುರಕ್ಕೆ ತಿರುಗಿಸಿದೆ.

ಆ ಕೂಲಿಯವನು ತನ್ನ ಮನೆಯ ಜಗಲಿಯ ಮೇಲೆ ಕೂತಿದ್ದ. ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ. ಭಾಮೈದ ಕಾಲಿಗೆ ಬಿದ್ದ. ಆತ ಕಾಲು ಹಿಂದಕ್ಕೆಳೆದುಕೊಂಡ.

"ಕಾಲ್ ಬುಡಿ ಸ್ವಾಮಿ. ಕೈ ಓದ್ರೆ ಓಗ್ಲಿ, ಎಡಗೈಲಿ ಕೆಲ್ಸ ಮಾಡ್ತೀನಿ. ಕಳ್ಳ ಅಂತೇಳಿ ಯಾರೂ ಕೂಲಿಗೆ ಕರೆಯಾಕಿಲ್ಲ. ಸೊಪ್ಪು ಎಲ್ ಸಿಕ್ತು ಅಂತ ನಿಮ್ಮೂರ್ ಮಾರಿಗುಡಿ ಮುಂದೆ ನಿಂತು ಏಳ್ತೀರಾ?"

ಭಾಮೈದ ಎದ್ದು ನಿಂತ. "ಮನೇಲಿ ದೊಡ್ಡೋರ್ನ ಒಂದ್ ಮಾತು ಕೇಳಿ..."

"ಒಡೆಯೋವಾಗ ಯಾರ್ನ ಕೇಳಿದ್ರಿ?"

ಒಂದೇ ಬೈಕಿನಲ್ಲಿ ಮೂವರು ಹೋದೆವು. ದಾರಿಯುದ್ದಕ್ಕೂ ನಡುವೆ ಕೂತ ಭಾಮೈದ ಹೇಳಬೇಕಾದ ಮಾತನ್ನು ನನ್ನ ಬೆನ್ನಿಗೆ ಒಪ್ಪಿಸುತ್ತಿದ್ದ.

ಮಾರಿಗುಡಿಯ ಮುಂದೆ, ಹರಟುತ್ತಿದ್ದವರ ನಡುವೆ ನಿಂತು ಭಾಮೈದ ಸೊಪ್ಪು ಎಲ್ಲಿ ಸಿಕ್ಕಿತೆಂದು ಹೇಳಿದ. ದೊಡ್ಡಪ್ಪ ಎದ್ದು ಬಂದು ಕೆನ್ನೆಗೆ ಬಾರಿಸಿದರು. "ಇವತ್ತಿಂದ ನಮ್ ಒಸ್ಲು ತುಳೀಬೇಡ ಕಣ್ಲಾ!"

ಭಾಮೈದ ಅಳುತ್ತಾ ಕೂಲಿಯವನತ್ತ ತಿರುಗಿ ನೋಡಿದ, ಇಷ್ಟು ಸಾಕೇ ಎನ್ನುವಂತೆ.

"ಇಂದ್ಗಡೆ ನಿಂತೋರ್ಗೆ ಕೇಳ್ಸಿಲ್ಲ," ಎಂದ ಆತ. "ಇನ್ನೊಂದ್ಸಲ ಏಳಿ."