ಪಾಠದ ದಿನ ಹಚ್ಚಿದ ಕುಂಕುಮ

ನರಗುಂದದಲ್ಲಿ ಶಿಕ್ಷಕಿಯಾಗುವ ತರಬೇತಿಗೆ ಸೇರಿದಾಗ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಗಂಡ ವಿಷಮಜ್ವರದಿಂದ ಸತ್ತಿದ್ದ. ರೋಣದಲ್ಲಿ ಅತ್ತೆ-ಮಾವನದು ಕಿರಾಣಿ ಅಂಗಡಿ. “ಕುಂತು ಉಣ್ಣೂದಕ್ಕಿಂತ ಕಲತು ದುಡೀಲಿ” ಎಂದು ಅತ್ತೆಯೇ ಕಳಿಸಿದ್ದಳು. ಪ್ರತಿ ಶನಿವಾರ ಬಸ್ಸು ಹಿಡಿದು ಮನೆಗೆ ಬರಬೇಕೆಂಬುದು ಅವಳ ಕರಾರು.

ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾವು ಪಾಠ ಮಾಡಿ ತೋರಿಸಬೇಕಿತ್ತು. ಹಿಂದಿನ ದಿನ ನಮಗೆ ಕಲಿಸುವ ಬಾಯಿಯವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಉಗುರು, ಹಲ್ಲು, ಸೀರೆಯ ನೆರಿಗೆ ನೋಡುತ್ತ ಬಂದರು. ನನ್ನ ಗದ್ದ ಹಿಡಿದು ಮುಖ ಎತ್ತಿದರು.

“ಈ ಮಾರಿ ತಗೊಂಡು ಹುಡುಗೂರ ಮುಂದ ನಿಂದರ್ತೀಯೇನು? ಮುಂಜಾನೆದ್ದು ನಿನ್ನ ನೋಡಿದ್ರ ಅವರ ತಾಯಂದ್ರು ನನಗ ಬೈತಾರ.”

“ನಾ ಹಿಂಗ ಇರಬೇಕ್ರಿ. ಮನ್ಯಾಗ…”

“ಮನಿ ಸುದ್ದಿ ನನಗ ಬ್ಯಾಡ. ನಾಳೆ ಕುಂಕುಮ ಹಚ್ಚು, ಬಳಿ ಇಟ್ಟುಕೋ. ಇಲ್ಲಂದ್ರ ಪಾಠಕ್ಕ ಬರಬ್ಯಾಡ.”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮರುದಿನ ಕೋಣೆಯ ಗೆಳತಿ ತನ್ನ ಹಸಿರು ಬಳೆಗಳನ್ನು ನನ್ನ ಕೈಗೆ ಏರಿಸಿ, ಹಣೆಗೆ ಕುಂಕುಮ ಇಟ್ಟಳು. ಕನ್ನಡಿಯಲ್ಲಿ ಕಂಡ ಮುಖ ನನಗೆ ಹಿಡಿಸಿತು. ಅಲ್ಲಿಂದ ಸರಿಯಲು ಮನಸ್ಸಾಗದೆ ನಿಂತಿದ್ದವಳನ್ನು ಗೆಳತಿಯೇ ಎಳೆದುಕೊಂಡು ಹೋದಳು.

ನನ್ನ ಪಾಠ ಮಲಪ್ರಭೆಯ ಮೇಲಿತ್ತು. ಬಾಯಿಯವರು ಹಿಂದೆ ಕೂತಿದ್ದರು. ಹಲಗೆಯ ಮೇಲೆ ನದಿ ಹೊಳೆಆಲೂರು ಮುಟ್ಟಿತ್ತು, ಅಷ್ಟರಲ್ಲಿ ಮೊಮ್ಮಗಳನ್ನು ಬಿಡಲು ಬಂದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತುಬಿಟ್ಟಳು. ನನ್ನ ಅತ್ತೆಯ ತಂಗಿ.

“ನಮ್ಮಕ್ಕನ ಸೊಸಿ ಅಲ್ಲೇನ ನೀ?” ಎನ್ನುತ್ತ ಒಳಗೆ ಬಂದಳು. “ಗಂಡನ್ನ ನುಂಗಿದಾಕಿ, ಯಾರ ಸಲುವಾಗಿ ಸಿಂಗಾರಾಗೀದಿ?”

ಸೆರಗಿನಿಂದ ಹಣೆ ಉರಿಯುವಂತೆ ತಿಕ್ಕಿದಳು. ಕೈ ಹಿಡಿದು ಮೇಜಿನ ಅಂಚಿಗೆ ಬಡಿದಳು. ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿತು.

“ಬಾಯಿಯವರೇ ಹಚ್ಚು ಅಂದಾರ್ರಿ” ಎಂದೆ.

ಬಾಯಿಯವರು ಕೂತಲ್ಲಿಂದ ಏಳಲಿಲ್ಲ. “ನಾ ನೀಟಾಗಿ ಬಾ ಅಂದಿದ್ದೆ, ಅಷ್ಟ. ಪಾಠ ಮುಂದುವರಸು.”

ಚಿಕ್ಕತ್ತೆ ಹೊರಟುಹೋದಳು. ಮುಂದಿನ ಸಾಲಿನ ಹುಡುಗಿ, “ಅಕ್ಕೋರ, ರಕ್ತ ಬರಾಕತ್ತೈತ್ರಿ” ಎಂದಳು. ಸೆರಗು ಸುತ್ತಿಕೊಂಡು ನದಿಯನ್ನು ಕೃಷ್ಣೆಗೆ ಸೇರಿಸಿದೆ.

ಶನಿವಾರ ರೋಣಕ್ಕೆ ಹೋಗುವಷ್ಟರಲ್ಲಿ ಸುದ್ದಿ ಅಲ್ಲಿ ಮುಟ್ಟಿತ್ತು. ಅತ್ತೆ ಕೂಗಾಡಲಿಲ್ಲ. ರೊಟ್ಟಿ ಬಡಿಸಿದಳು, ಉಂಡಾದ ಮೇಲೆ ಹಿತ್ತಲಿಗೆ ಕರೆದು ಕೂರಿಸಿದಳು. ಹೆರಳನ್ನು ಕತ್ತಿನ ಹತ್ತಿರ ಕತ್ತರಿಸಿ ಪಕ್ಕಕ್ಕಿಟ್ಟಳು. ಆಮೇಲೆ ಉಳಿದದ್ದನ್ನು ಬುಡದವರೆಗೆ. ಕತ್ತರಿ ಮೊಂಡಾಗಿತ್ತು. ನಾನು ಚೀರಿದ್ದು ಅಂಗಡಿಗೆ ಕೇಳಿರಲೇಬೇಕು. ತೆರೆದ ಬಾಗಿಲುಗಳ ಆಚೆ ಮಾವ ಗಿರಾಕಿಗೆ ಬೆಲ್ಲ ತೂಗುತ್ತಲೇ ಇದ್ದ.

“ಇನ್ನ ಏನ ಹಚ್ಚಿಕೊಂಡ್ರೂ ಯಾರೂ ನೋಡೂದಿಲ್ಲ” ಎಂದಳು. “ಹೋಗು, ಕಲಿ. ಯಾರು ಬ್ಯಾಡ ಅಂದಾರ?”

ಎರಡನೆಯ ಪಾಠಕ್ಕೆ ತಲೆ ತುಂಬ ಸೆರಗು ಹೊದ್ದು ನಿಂತೆ.

“ಶಿಕ್ಷಕಿ ಹಂಗ ಮುಸುಕು ಹಾಕ್ಕೊಂಡು ನಿಂದರಬಾರದು” ಎಂದರು ಬಾಯಿಯವರು. “ಸೆರಗ ತಗಿ.”

ತೆಗೆದೆ. ಸಣ್ಣ ಹುಡುಗಿಯೊಬ್ಬಳು ಹೆದರಿ ಅಳತೊಡಗಿದಳು. ಉಳಿದವರು ಬಾಯಿಗೆ ಕೈ ಹಿಡಿದು ನಕ್ಕರು. ಬಾಯಿಯವರ ಮುಖ ಕಪ್ಪಿಟ್ಟಿತು, “ಹೊದ್ದುಕೋ, ಹೊದ್ದುಕೋ” ಎಂದರು. ನಾನು ಹೊದೆಯಲಿಲ್ಲ. ನಗು ತಾನಾಗಿ ಸೋಲುವವರೆಗೆ ನಿಂತು, ಆಮೇಲೆ ಪಾಠ ಶುರು ಮಾಡಿದೆ.

ಪಾಸಾದೆ. ಮುಶಿಗೇರಿಯಲ್ಲಿ ಕೆಲಸ ಸಿಕ್ಕಿತು. ರೋಣದ ಮನೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಅತ್ತೆ ಸತ್ತ ಸುದ್ದಿ ಹೇಳಲು ಆಳು ಬಂದಾಗ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು. ಕೇಳಿಕೊಂಡು ಅವನನ್ನು ಕಳಿಸಿದೆ, ಶಾಲೆ ಬಿಡಲಿಲ್ಲ. ಆ ಮಧ್ಯಾಹ್ನ ಹೊಟ್ಟೆ ತುಂಬ ಉಂಡೆ.